ಮಂದ್ರದ ಪೆಟ್ಟಿಗೆ: ಕೊಚ್ಚಿಯ ಕೋಣೆ, ತಿರುವನಂತಪುರದ ಬಯಲು

ಸುಮಾರು 20ರಿಂದ 100 ಹರ್ಟ್ಸ್‌ವರೆಗಿನ ಮಂದ್ರ ನಾದವನ್ನು ನುಡಿಸುವ ಸಬ್‌ವೂಫರಿನ ಗುಣವು ಅದರ ಸ್ಪೀಕರನ್ನು ಅವಲಂಬಿಸಿರುವಷ್ಟೇ ಪೆಟ್ಟಿಗೆಯನ್ನೂ ಅವಲಂಬಿಸಿದೆ. ಸ್ಪೀಕರಿನ ಕೋನ್ ಮುಂದೆ ಸರಿದಾಗ ಎದುರಿನ ಗಾಳಿ ಒತ್ತಡಕ್ಕೊಳಗಾಗಿ ಬೆನ್ನಿನ ಗಾಳಿ ಸಡಿಲಗೊಳ್ಳುವುದರಿಂದ, ಎರಡನ್ನೂ ಬೇರ್ಪಡಿಸದಿದ್ದರೆ ಅಲೆಗಳು ಒಂದನ್ನೊಂದು ಅಳಿಸಿ ಮಂದ್ರವೇ ಉಳಿಯದು.

ಬೆನ್ನಿನ ಅಲೆಯನ್ನು ಒಳಗೇ ಕೂಡಿಹಾಕುವುದು ಮುಚ್ಚಿದ ಪೆಟ್ಟಿಗೆ. ಇಲ್ಲಿ ಸಿಕ್ಕಿಕೊಂಡ ಗಾಳಿಯೇ ಕೋನನ್ನು ಹಿಂದಕ್ಕೆಳೆಯುವ ಸ್ಪ್ರಿಂಗ್ ಆಗುತ್ತದೆಂಬುದನ್ನು ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ ಬಳಕೆಗೆ ತಂದರು. ಕೊಳವೆಯಿರುವ ಪೆಟ್ಟಿಗೆಯಲ್ಲಿ, ಅಂದರೆ ಪೋರ್ಟೆಡ್ ಪೆಟ್ಟಿಗೆಯಲ್ಲಿ, ಕೊಳವೆಯ ಗಾಳಿಯು ಗೊತ್ತುಮಾಡಿದ ಕಂಪನಸಂಖ್ಯೆಯಲ್ಲಿ ಅನುರಣಿಸಿ ಬೆನ್ನಿನ ಶಕ್ತಿಯನ್ನೂ ಹೊರತರುವುದರಿಂದ ಅದೇ ವಿದ್ಯುತ್ತಿಗೆ ಹೆಚ್ಚು ಸದ್ದು ದೊರೆಯುತ್ತದೆ. ಆದರೆ ಆ ಸಂಖ್ಯೆಯ ಕೆಳಗೆ ಕೋನಿಗೆ ಗಾಳಿಯ ತಡೆ ತಪ್ಪಿ ಅದು ಅಂಕೆ ಮೀರಿ ಅಲುಗಾಡುತ್ತದೆ. ಸದ್ದೂ ಸಪ್ತಕಕ್ಕೆ, ಎಂದರೆ ಕಂಪನಸಂಖ್ಯೆ ಅರ್ಧವಾದಾಗ, 24 ಡೆಸಿಬಲ್‌ನಷ್ಟು ಕುಸಿಯುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಈ ಇಳಿತ 12 ಡೆಸಿಬಲ್ ಮಾತ್ರ.

ಈ ಅಂತರದ ಬೆಲೆ ತಿಳಿಯುವುದು ಸ್ಥಳವನ್ನು ನೋಡಿದಾಗ. ಕೊಚ್ಚಿಯ ಫ್ಲ್ಯಾಟೊಂದರ 5 ಮೀಟರ್ ಉದ್ದದ ಕೋಣೆಯಲ್ಲಿ, ಬಾಗಿಲು ಕಿಟಕಿ ಮುಚ್ಚಿದ್ದರೆ, ಸುಮಾರು 34 ಹರ್ಟ್ಸ್‌ನ ಕೆಳಗೆ ಕಾಂಕ್ರೀಟ್ ಗೋಡೆಗಳೇ ಒತ್ತಡವನ್ನು ಹಿಡಿದಿಟ್ಟು ಮಂದ್ರವನ್ನು ಎತ್ತಿಕೊಡುವುದರಿಂದ ಮುಚ್ಚಿದ ಪೆಟ್ಟಿಗೆಯ ನಿಧಾನ ಇಳಿತ ಅದಕ್ಕೆ ಹೊಂದುತ್ತದೆ. ತಿರುವನಂತಪುರದ ಕನಕಕ್ಕುನ್ನು ಅರಮನೆ ಆವರಣದ ನಿಶಾಗಂಧಿ ಬಯಲು ರಂಗಮಂದಿರದಲ್ಲಿ ಗೋಡೆಗಳ ಆ ನೆರವಿಲ್ಲ. ಅಂಥಲ್ಲಿ ಕೊಳವೆಯ ದೊಡ್ಡ ಪೆಟ್ಟಿಗೆಯೂ, ಅತಿ ಕೆಳಗಿನ ಸ್ವರಗಳನ್ನು ತಡೆಯುವ ಫಿಲ್ಟರೂ ಬೇಕು.

ಕೇರಳದಲ್ಲಿ ಇನ್ನೊಂದು ಲೆಕ್ಕವಿದೆ. ಎರಡು ಮಳೆಗಾಲಗಳ ತೇವಕ್ಕೆ ಅಗ್ಗದ ಎಂಡಿಎಫ್ ಹಲಗೆಯ ಕೊಯ್ದ ಅಂಚು ಊದಿ ಕೀಲು ಬಿಡುತ್ತದೆ, ಕೂದಲೆಳೆಯ ಸಂದಿನಿಂದಲೂ ಮುಚ್ಚಿದ ಪೆಟ್ಟಿಗೆ ಸೀಟಿ ಹೊಡೆಯತೊಡಗುತ್ತದೆ. ಕೊಚ್ಚಿಯಿರುವ ಎರ್ನಾಕುಳಂ ಜಿಲ್ಲೆಯಲ್ಲೇ ಪ್ಲೈವುಡ್ ಉದ್ಯಮಕ್ಕೆ ಹೆಸರಾದ ಪೆರುಂಬಾವೂರು ಇರುವಾಗ, ಐಎಸ್ 710 ಗುರುತಿನ ಮರೀನ್ ಪ್ಲೈ ಬಿಟ್ಟು ಎಂಡಿಎಫ್‌ಗೆ ಹೋಗುವುದು ಜಾಣತನವಲ್ಲ.

ಸ್ಪೀಕರೂ ತನ್ನ ಇಷ್ಟವನ್ನು ಹೇಳುತ್ತದೆ: ಅದರ ಸಹಜ ಕಂಪನಸಂಖ್ಯೆಯಾದ ಎಫ್‌ಎಸ್‌ ಅನ್ನು ಕ್ಯೂಇಎಸ್ ಎಂಬ ಅಂಕಿಯಿಂದ ಭಾಗಿಸಿದಾಗ ಉತ್ತರ 50ರ ಸುತ್ತ ಬಂದರೆ ಮುಚ್ಚಿದ ಪೆಟ್ಟಿಗೆ, 100ರ ಸುತ್ತ ಬಂದರೆ ಕೊಳವೆಯ ಪೆಟ್ಟಿಗೆ ಎಂಬುದು ರೂಢಿಯ ಅಂದಾಜು. ಕೊಳ್ಳುವವರು ವ್ಯಾಟ್‌ಗಳ ಜಾಹೀರಾತಿಗೆ ಮರುಳಾಗದೆ ಈ ಎರಡು ಅಂಕಿಗಳನ್ನು ಅಂಗಡಿಯಲ್ಲಿ ಕೇಳಿ ಪಡೆಯಬೇಕು.