ತಾಮ್ರದ ತಟ್ಟೆ ಸೂಜಿಯನ್ನು ಎಳೆದಾಗ

ಪ್ಯಾರಿಸ್ಸಿನ ಗಾಂಬೆ ದಿಕ್ಸೂಚಿ ತಯಾರಿಸುವುದರಲ್ಲಿ ಎತ್ತಿದ ಕೈ. ಒಳ್ಳೆಯ ಸೂಜಿಯನ್ನು ಅಲುಗಿಸಿ ಬಿಟ್ಟರೆ ಅದು ಬಹಳ ಹೊತ್ತು ಅತ್ತಿತ್ತ ತೂಗಿ ಆಮೇಲೆ ನಿಲ್ಲುತ್ತದೆ. ಅದೇ ಸೂಜಿಯ ಕೆಳಗೆ ತಾಮ್ರದ ಹಲಗೆಯಿದ್ದರೆ ಕೆಲವೇ ತೂಗಿಗೆ ನಿಂತುಬಿಡುವುದನ್ನು ಗಾಂಬೆ ಕಂಡ. ಅಯಸ್ಕಾಂತಕ್ಕೆ ಅಂಟುವುದು ಕಬ್ಬಿಣ, ನಿಕ್ಕಲ್, ಕೋಬಾಲ್ಟ್; ತಾಮ್ರಕ್ಕೆ ಅದರ ಗೊಡವೆಯೇ ಇಲ್ಲ. ಹಾಗಾದರೆ ಸೂಜಿಯನ್ನು ತಡೆದದ್ದು ಯಾವುದು?

ಖಗೋಳವಿಜ್ಞಾನಿ ಫ್ರಾಂಸ್ವಾ ಅರಾಗೊ 1824ರಲ್ಲಿ ಈ ಪ್ರಶ್ನೆಯನ್ನು ತಲೆಕೆಳಗು ಮಾಡಿದ. ನಿಂತ ತಾಮ್ರ ಚಲಿಸುವ ಸೂಜಿಯನ್ನು ತಡೆಯುತ್ತದೆಂದರೆ, ಚಲಿಸುವ ತಾಮ್ರ ನಿಂತ ಸೂಜಿಯನ್ನು ಎಳೆಯಲೇಬೇಕು. ತಾಮ್ರದ ತಟ್ಟೆಯೊಂದನ್ನು ತಿರುಗಿಸಿ ಮೇಲೆ ಸೂಜಿಯನ್ನು ತೂಗುಹಾಕಿದ. ಗಾಳಿ ತಳ್ಳಿತೆಂಬ ಅನುಮಾನ ಬಾರದಿರಲೆಂದು ನಡುವೆ ಮರೆಯನ್ನೂ ಇಟ್ಟ. ತಟ್ಟೆಯ ವೇಗ ಏರಿದಂತೆ ಸೂಜಿ ಉತ್ತರವನ್ನು ಬಿಟ್ಟು ಹೊರಳಿತು. ಕೊನೆಗೆ ತಟ್ಟೆಯ ಜೊತೆಗೇ ಸುತ್ತತೊಡಗಿತು. ಇಡೀ ಕತೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಹೆಜ್ಜೆ ಇದು. ಕಾರಣ ಗೊತ್ತಿಲ್ಲದಿದ್ದರೂ ಪ್ರಶ್ನೆಯನ್ನು ಸರಿಯಾಗಿ ತಿರುಗಿಸಿದವನಿಗೆ ಪ್ರಕೃತಿ ಉತ್ತರ ಕೊಟ್ಟಿತು.

ಮರುವರ್ಷವೇ ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಬ್ಯಾಬೇಜ್ ಮತ್ತು ಜಾನ್ ಹರ್ಷೆಲ್ ಕುದುರೆಲಾಳದ ಅಯಸ್ಕಾಂತವನ್ನೇ ತಿರುಗಿಸಿ, ಬೇರೆ ಬೇರೆ ಲೋಹದ ತಟ್ಟೆಗಳನ್ನು ಅದರ ಮೇಲೆ ತೂಗಿಬಿಟ್ಟು ನೋಡಿದರು. ತಾಮ್ರ ಎಲ್ಲಕ್ಕಿಂತ ಮುಂದು, ಆಮೇಲೆ ಸತು, ತವರ, ಸೀಸ. ಬಿಸ್ಮತ್ ತೀರಾ ಹಿಂದು. ತಾಮ್ರದ ತಟ್ಟೆಗೆ ನಡುವಿನಿಂದ ಅಂಚಿನವರೆಗೆ ಸೀಳು ಕೊಯ್ದರೆ ಎಳೆತ ಕುಗ್ಗಿತು. ಆ ಸೀಳುಗಳಿಗೆ ಬೇರೆ ಲೋಹದ ಬೆಸುಗೆ ಹಾಕಿದರೆ ಬಹುಪಾಲು ಮರಳಿ ಬಂತು! ಲೋಹದ ತೂಕವಂತೂ ಬದಲಾಗಿಲ್ಲ. ಕತ್ತರಿಸಿಹೋದದ್ದು ಏನೋ ಹರಿಯುವ ದಾರಿ. ಉತ್ತರ ಅವರ ಕೈಯಲ್ಲೇ ಇತ್ತು ಎಂದು ಇಂದು ನಮಗೆ ಅನ್ನಿಸುತ್ತದೆ. ಆದರೆ ತಾಮ್ರದಲ್ಲಿ ಕ್ಷಣಕಾಲ ಕಾಂತತೆ ಹುಟ್ಟಿ, ಅಳಿಯಲು ತುಸು ತಡವಾಗುತ್ತದೆ ಎಂದು ಅವರು ವಿವರಿಸಿದರು. ತಿರುಗುವ ತಟ್ಟೆ ಅಯಸ್ಕಾಂತವನ್ನು ಮೇಲಕ್ಕೂ ತಳ್ಳುತ್ತದೆ ಎಂದು ಅರಾಗೊ ತೋರಿಸಿದ ಮೇಲೆ ಆ ವಿವರಣೆ ನಿಲ್ಲುವುದು ಕಷ್ಟವಾಯಿತು. ಆಕರ್ಷಣೆಯಿಂದ ತಳ್ಳುವ ಬಲ ಬರುವುದೆಲ್ಲಿಂದ?

ಗಂಟು ಬಿಚ್ಚಿದವನು ಮೈಕೇಲ್ ಫ್ಯಾರಡೆ. ಕಾಂತಬಲ ಬದಲಾದರೆ ತಂತಿಯಲ್ಲಿ ವಿದ್ಯುತ್ ಹುಟ್ಟುತ್ತದೆಂದು 1831ರ ಆಗಸ್ಟ್‌ನಲ್ಲಿ ಕಂಡುಕೊಂಡ ಅವನಿಗೆ ಅರಾಗೊನ ತಟ್ಟೆ ಮರೆತಿರಲಿಲ್ಲ. ಅಕ್ಟೋಬರ್ 28ರಂದು, ರಾಯಲ್ ಸೊಸೈಟಿಯ ದೊಡ್ಡ ಅಯಸ್ಕಾಂತದ ಧ್ರುವಗಳ ನಡುವೆ, 12 ಅಂಗುಲ ಅಗಲದ ತಾಮ್ರದ ತಟ್ಟೆಯನ್ನು ತಿರುಗಿಸಿದ. ಅಂಚಿಗೊಂದು, ಅಚ್ಚಿಗೊಂದು ತಂತಿ ತಾಗಿಸಿ, ವಿದ್ಯುತ್ ಹರಿದರೆ ಮುಳ್ಳು ಅಲುಗಿ ತೋರಿಸುವ ಗ್ಯಾಲ್ವನೋಮೀಟರಿಗೆ ಜೋಡಿಸಿದ. ಮುಳ್ಳು ಓಡಿತು, ತಟ್ಟೆಯನ್ನು ಹಿಮ್ಮುಖವಾಗಿ ತಿರುಗಿಸಿದಾಗ ಮುಳ್ಳೂ ಎದುರು ದಿಕ್ಕಿಗೆ ಓಡಿತು. ಅಯಸ್ಕಾಂತದೆದುರು ಚಲಿಸುವ ಲೋಹದೊಳಗೆ ವಿದ್ಯುತ್ ಹೊಳೆಯ ಸುಳಿಯಂತೆ ಸುತ್ತುತ್ತದೆ. ಆ ಸುಳಿಗೂ ತನ್ನದೇ ಕಾಂತಬಲವಿದೆ, ಅದು ತನ್ನನ್ನು ಹುಟ್ಟಿಸಿದ ಚಲನೆಯನ್ನೇ ವಿರೋಧಿಸುತ್ತದೆ. ತಾಮ್ರ ಮುಂದಿದ್ದುದು ವಿದ್ಯುತ್ತನ್ನು ಸರಾಗವಾಗಿ ಹರಿಯಗೊಡುವುದರಿಂದ. ಬಿಸ್ಮತ್ ಹಿಂದುಳಿದದ್ದು ಹರಿವಿಗೆ ಅಡ್ಡಿ ಮಾಡುವುದರಿಂದ. ಸೀಳು ಸುಳಿಯನ್ನು ಕತ್ತರಿಸುತ್ತಿತ್ತು, ಬೆಸುಗೆ ಮತ್ತೆ ದಾರಿ ಕೊಡುತ್ತಿತ್ತು.

ಫ್ಯಾರಡೆಯ ಆ ತಟ್ಟೆ ಬರೀ ಒಗಟಿನ ಉತ್ತರವಾಗಿ ಉಳಿಯಲಿಲ್ಲ. ತಿರುಗಿಸಿದಷ್ಟು ಹೊತ್ತೂ ಒಂದೇ ದಿಕ್ಕಿಗೆ ವಿದ್ಯುತ್ ಹರಿಸುವ ಮೊದಲ ಜನರೇಟರ್ ಅದೇ ಆಗಿತ್ತು. ಇತ್ತೀಚಿನವರೆಗೂ ನಮ್ಮ ಮನೆಗಳ ವಿದ್ಯುತ್ ಮೀಟರಿನ ಗಾಜಿನ ಹಿಂದೆ ತಿರುಗುತ್ತಿದ್ದ ಅಲ್ಯೂಮಿನಿಯಂ ತಟ್ಟೆಯನ್ನು ಓಡಿಸುತ್ತಿದ್ದುದೂ ಇಂಥ ಸುಳಿಗಳೇ. ಅದು ಅಳತೆ ಮೀರಿ ಓಡದಂತೆ ಪಕ್ಕದ ಪುಟ್ಟ ಅಯಸ್ಕಾಂತ ಹಿಡಿದಿಡುತ್ತಿದ್ದುದೂ ಅವುಗಳಿಂದಲೇ.