ಸವೆಯದ ತಂತ್ರಾಂಶಕ್ಕೂ ಮುಪ್ಪುಂಟೆ? — ಹಳೆಯ ಲಿನಕ್ಸ್ ಗಣಕಯಂತ್ರದ ನವೀಕರಣ

ದೊಡ್ಡಬಳ್ಳಾಪುರದ ನೇಕಾರರ ಕೇರಿಯಲ್ಲಿ ಒಂದು ವಿದ್ಯುತ್ ಮಗ್ಗ ಹಳತಾಯಿತೆಂದರೆ ಅದರ ಅರ್ಥ ಯಾರಿಗಾದರೂ ತಿಳಿಯುತ್ತದೆ. ಲಾಳಿ ಬಡಿದು ಬಡಿದು ಮರ ತೇಯ್ದಿರುತ್ತದೆ; ಹಲ್ಲುಚಕ್ರ ಸವೆದಿರುತ್ತದೆ; ಪಟ್ಟಿ ಸಡಿಲಗೊಂಡಿರುತ್ತದೆ. ಘರ್ಷಣೆಯಿರುವಲ್ಲಿ ಸವೆತವುಂಟು, ಸವೆತವಿರುವಲ್ಲಿ ಮುಪ್ಪುಂಟು. ಆದರೆ ಗಣಕಯಂತ್ರದ ತಂತ್ರಾಂಶಕ್ಕೆ ಘರ್ಷಣೆಯೆಂಬುದಿಲ್ಲ. ಅದು ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳಲ್ಲಿ ಬರೆದಿಟ್ಟ ಆಜ್ಞೆಗಳ ಸರಣಿ. ಸಾವಿರ ಸಲ ನಡೆಸಿದರೂ ಅದರ ಒಂದಂಕಿಯೂ ತೇಯುವುದಿಲ್ಲ. ಹೀಗಿದ್ದರೂ ಹತ್ತು ವರ್ಷಗಳ ಹಿಂದೆ ಲಿನಕ್ಸನ್ನು ಅಳವಡಿಸಿದ ಗಣಕಯಂತ್ರವನ್ನು ‘ಹಳತಾಯಿತು, ನವೀಕರಿಸಬೇಕು’ ಎನ್ನುತ್ತಾರೆ. ಸವೆಯದ ವಸ್ತು ಹಳತಾಗುವುದು ಹೇಗೆ? ಎಂಜಿನಿಯರಲ್ಲದ ಸಾಮಾನ್ಯ ಬಳಕೆದಾರನು ಅದನ್ನು ಹೊಸದು ಮಾಡಿಕೊಳ್ಳುವ ಬಗೆ ಯಾವುದು? ಈ ಎರಡು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸೋಣ.

ಮುಪ್ಪಿಗೆ ಮೂರು ಕಾರಣಗಳು

ಮೊದಲನೆಯ ಕಾರಣ, ಅಡಗಿದ್ದ ದೋಷಗಳು ಬೆಳಕಿಗೆ ಬರುವುದು. 2007ರಲ್ಲಿ ಲಿನಕ್ಸಿನ ತಿರುಳಿನೊಳಗೆ ಒಂದು ದೋಷ ಸೇರಿಕೊಂಡಿತು. ಸುಮಾರು ಒಂಬತ್ತು ವರ್ಷ ಅದು ಯಾರ ಕಣ್ಣಿಗೂ ಬೀಳದೆ ಲಕ್ಷಾಂತರ ಯಂತ್ರಗಳಲ್ಲಿ ಉಳಿದಿತ್ತು. 2016ರ ಅಕ್ಟೋಬರಿನಲ್ಲಿ ‘ಡರ್ಟಿ ಕೌ’ ಎಂಬ ಹೆಸರಿನಿಂದ ಅದು ಪ್ರಕಟವಾಯಿತು. ಇದನ್ನು ಬಲ್ಲ ಸಾಮಾನ್ಯ ಬಳಕೆದಾರನೊಬ್ಬನು ಯಂತ್ರದ ಯಜಮಾನನ ಅಧಿಕಾರವನ್ನೇ ಕೈವಶ ಮಾಡಿಕೊಳ್ಳಬಹುದಾಗಿತ್ತು. ತಿದ್ದುಪಡಿ ಒಡನೆಯೇ ಹೊರಟಿತು, ಪಡೆದವರು ಸುರಕ್ಷಿತರಾದರು. ಪಡೆಯದವರ ಯಂತ್ರ ಮೊದಲು ಹೇಗಿತ್ತೋ ಹಾಗೆಯೇ ಇತ್ತು. ಆದರೆ ಅದರ ಬೀಗ ತೆರೆಯುವ ಬಗೆ ಈಗ ಊರಿಗೆಲ್ಲ ತಿಳಿದಿತ್ತು.

ಎರಡನೆಯ ಕಾರಣ, ಹೊರಗಿನ ಪ್ರಪಂಚ ಬದಲಾಗುವುದು. ಅಂತರಜಾಲದ ತಾಣವೊಂದು ನಿಜವಾಗಿ ತಾನು ಹೇಳಿಕೊಳ್ಳುವ ತಾಣವೇ ಎಂಬುದನ್ನು ಗಣಕಯಂತ್ರವು ಕೆಲವು ಮೂಲ ಪ್ರಮಾಣಪತ್ರಗಳ ಆಧಾರದಿಂದ ಪರೀಕ್ಷಿಸುತ್ತದೆ. ಈ ಪತ್ರಗಳಿಗೆ ಗೊತ್ತಾದ ಅವಧಿಯುಂಟು. 2021ರ ಸೆಪ್ಟೆಂಬರ್ 30ರಂದು ಬಹಳ ಬಳಕೆಯಲ್ಲಿದ್ದ ಅಂಥದೊಂದು ಪತ್ರದ ಅವಧಿ ಮುಗಿಯಿತು. ಹೊಸ ಪತ್ರವನ್ನು ಪಡೆಯದಿದ್ದ ಅನೇಕ ಹಳೆಯ ಯಂತ್ರಗಳು ಮರುದಿನದಿಂದ ಎಷ್ಟೋ ತಾಣಗಳನ್ನು ತೆರೆಯಲಾರದಾದವು. ಕನ್ನಡದ ಒಂದು ಉದಾಹರಣೆಯನ್ನೂ ನೋಡಬಹುದು. ಹಳೆಯ ಬರೆಹಗಳಲ್ಲಿ ಬರುವ ‘ನಕಾರ ಪೊಲ್ಲು’ ಎಂಬ ಅಕ್ಷರಕ್ಕೆ ಯೂನಿಕೋಡ್ ಎಂಬ ಜಾಗತಿಕ ಸಂಕೇತಪಟ್ಟಿಯಲ್ಲಿ ಸ್ಥಾನ ದೊರೆತದ್ದು 2021ರಲ್ಲಿ. ಅದಕ್ಕೆ ಹಿಂದಿನ ಫಾಂಟ್ ಈ ಅಕ್ಷರದ ಬದಲು ಬರಿಯ ಚೌಕವನ್ನು ತೋರಿಸಿದರೆ ಆಶ್ಚರ್ಯವಿಲ್ಲ.

ಮೂರನೆಯದು, ಯಂತ್ರದೊಳಗೇ ಇರುವ ಮಿತಿ. ಲಿನಕ್ಸ್ ಕಾಲವನ್ನು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳ ಸಂಖ್ಯೆಯಾಗಿ ಎಣಿಸುತ್ತದೆ. ಹಳೆಯ 32 ಬಿಟ್ ಪದ್ಧತಿಯಲ್ಲಿ ಈ ಸಂಖ್ಯೆ 214 ಕೋಟಿ 74 ಲಕ್ಷ 83 ಸಾವಿರದ 647ನ್ನು ದಾಟಲಾರದು. 2038ರ ಜನವರಿ 19ರಂದು ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಾಗುವಾಗ ಆ ಎಣಿಕೆ ತುಂಬುತ್ತದೆ. ಮರುಕ್ಷಣ ಅಂಥ ಯಂತ್ರಕ್ಕೆ 1901ನೇ ಇಸವಿ ಬಂದಂತೆ ತೋರುತ್ತದೆ. 64 ಬಿಟ್ ಎಣಿಕೆಗೆ ಬದಲಾದ ವ್ಯವಸ್ಥೆಗೆ ಈ ಕಷ್ಟವಿಲ್ಲ.

ಇವುಗಳಿಂದ ತಿಳಿಯುವುದೇನೆಂದರೆ, ತಂತ್ರಾಂಶದ ಮುಪ್ಪು ಅದು ಸವೆದುದರಿಂದ ಬಂದುದಲ್ಲ, ಅದನ್ನು ದುರಸ್ತಿ ಮಾಡುವವರು ಕೈಬಿಟ್ಟುದರಿಂದ ಬಂದುದು.

ಮಾಡು, ಮನೆ, ಹಗೇವು

ಲಿನಕ್ಸ್ ಎಂಬ ಹೆಸರು ಮೂಲತಃ ತಿರುಳಿನದು. ಯಂತ್ರಾಂಶಕ್ಕೂ ಉಳಿದ ತಂತ್ರಾಂಶಗಳಿಗೂ ನಡುವೆ ನಿಂತು ಕೆಲಸ ಹಂಚುವ ಈ ಭಾಗವನ್ನು 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಬರೆಯತೊಡಗಿದನು. ಇದಕ್ಕೆ ಜೊತೆಯಾದ ಹಲವು ಉಪಕರಣಗಳು, ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಸಾರಿದ ಗ್ನೂ ಯೋಜನೆಯಿಂದ ಬಂದವು. ಯಾರು ಬೇಕಾದರೂ ಬಳಸಬಹುದು, ಓದಬಹುದು, ತಿದ್ದಬಹುದು, ಹಂಚಬಹುದು ಎಂಬುದು ಇವುಗಳ ನಿಯಮ. ತಿರುಳು, ಉಪಕರಣ, ಪರದೆಯ ಮೇಲೆ ಕಾಣುವ ಕಿಟಕಿ ಮತ್ತು ಪಟ್ಟಿಗಳು, ಇವನ್ನೆಲ್ಲ ಒಂದು ಕಟ್ಟಾಗಿ ಹೊಂದಿಸಿ ಕೊಡುವುದಕ್ಕೆ ‘ವಿತರಣೆ’ ಎಂದು ಹೆಸರು. ಡೆಬಿಯನ್, ಉಬುಂಟು, ಲಿನಕ್ಸ್ ಮಿಂಟ್, ಫೆಡೋರಾ ಮೊದಲಾದವು ಅಂಥ ವಿತರಣೆಗಳು.

ಬಯಲುಸೀಮೆಯ ಹಳೆಯ ಮನೆಗೆ ಇದನ್ನು ಹೋಲಿಸಬಹುದು. ತಿರುಳು ಮಾಡಿದ್ದಂತೆ, ಅನ್ವಯ ತಂತ್ರಾಂಶಗಳು ಮನೆಯ ಪಾತ್ರೆ ಪದಾರ್ಥಗಳಂತೆ, ನಾವು ಬರೆದ ಪತ್ರ, ಲೆಕ್ಕ, ಚಿತ್ರಗಳು ನೆಲದಡಿಯ ಹಗೇವಿನಲ್ಲಿಟ್ಟ ರಾಗಿಯಂತೆ. ಮಾಡನ್ನು ಕಿತ್ತು ಹೊಸ ಹೆಂಚು ಹೊದಿಸಬಹುದು, ಪಾತ್ರೆಗಳನ್ನು ಪೇಟೆಯಿಂದ ಮತ್ತೆ ತರಬಹುದು. ರಾಗಿ ಕೆಟ್ಟರೆ ಮಾತ್ರ ಮತ್ತೆ ಬೆಳೆಯಬೇಕು. ಲಿನಕ್ಸಿನಲ್ಲಿ ನಮ್ಮ ಕಡತಗಳು ಸಾಮಾನ್ಯವಾಗಿ ‘ಹೋಮ್’ ಎಂಬ ಒಂದೇ ಫೋಲ್ಡರಿನ ಒಳಗಿರುತ್ತವೆ. ನವೀಕರಣಕ್ಕೆ ಹೊರಟವನು ಮೊದಲು ಗುರುತಿಸಬೇಕಾದ ಹಗೇವು ಅದೇ.

ಆವೃತ್ತಿಯ ಸಂಖ್ಯೆಯನ್ನು ಓದುವುದೂ ಸುಲಭ. ಉಬುಂಟು 24.04 ಎಂದರೆ 2024ರ ನಾಲ್ಕನೆಯ ತಿಂಗಳಿನಲ್ಲಿ ಹೊರಬಂದದ್ದು. ಸರಿಸಂಖ್ಯೆಯ ವರ್ಷಗಳ ಏಪ್ರಿಲಿನಲ್ಲಿ ಬರುವ ದೀರ್ಘಾವಧಿ ಆವೃತ್ತಿಗೆ ಐದು ವರ್ಷ ಸಾಮಾನ್ಯ ದುರಸ್ತಿ ದೊರೆಯುತ್ತದೆ. 18.04ರ ಅವಧಿ 2023ರಲ್ಲಿಯೂ, 20.04ರದು 2025ರ ಮೇ ತಿಂಗಳಿನಲ್ಲಿಯೂ ಮುಗಿದವು. ನಿಮ್ಮ ಯಂತ್ರದ ‘ಸೆಟಿಂಗ್ಸ್’ ಕಿಟಕಿಯಲ್ಲಿ ‘ಅಬೌಟ್’ ಎಂಬಲ್ಲಿ ನೋಡಿದರೆ ಈ ಸಂಖ್ಯೆ ಕಾಣುತ್ತದೆ. ಯಂತ್ರದ ವಯಸ್ಸು ತಿಳಿಯುತ್ತದೆ.

ಕಾಸರಗೋಡಿನ ಕನ್ನಡ ಶಾಲೆಗಳ ನಿದರ್ಶನ

ಇದು ಪರಿಣತರ ಕೆಲಸ, ಶಾಲಾ ಕಾಲೇಜುಗಳಿಗೆ ಎಟುಕದು ಎಂಬ ಶಂಕೆ ಸಹಜ. ಈ ಶಂಕೆಗೆ ಉತ್ತರ ನಮ್ಮ ಗಡಿಯಲ್ಲೇ ಇದೆ. 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡು ಮತ್ತು ಮಂಜೇಶ್ವರ ಪ್ರದೇಶದಲ್ಲಿ ಇಂದಿಗೂ ಕನ್ನಡ ಮಾಧ್ಯಮದ ಶಾಲೆಗಳಿವೆ. ಆ ರಾಜ್ಯದ ‘ಐಟಿ ಅಟ್ ಸ್ಕೂಲ್’ ಯೋಜನೆ, 2017ರಿಂದ ‘ಕೈಟ್’ ಎಂಬ ಸಂಸ್ಥೆಯಾಗಿ, ಶಾಲೆಗಳಿಗೆ ಲಿನಕ್ಸನ್ನು ತಾನೇ ಹೊಂದಿಸಿ ಕೊಡುತ್ತ ಬಂದಿದೆ. ಕಾಸರಗೋಡಿನ ಮಕ್ಕಳು ಗಣಕ ಶಿಕ್ಷಣದ ಪಠ್ಯವನ್ನು ಕನ್ನಡದಲ್ಲಿ ಓದುತ್ತ ಅದೇ ವ್ಯವಸ್ಥೆಯಲ್ಲಿ ಅಭ್ಯಾಸ ಮಾಡುತ್ತಾರೆ. 2019ರಲ್ಲಿ ಉಬುಂಟು 18.04ರ ಆಧಾರದ ಹೊಸ ಕಟ್ಟನ್ನು ರಾಜ್ಯದ ಸುಮಾರು 2 ಲಕ್ಷ ಶಾಲಾ ಗಣಕಯಂತ್ರಗಳಿಗಾಗಿ ಸಿದ್ಧಪಡಿಸಲಾಯಿತು. ಅದಕ್ಕೂ ವಯಸ್ಸಾದ ಬಳಿಕ 22.04ರ ಆಧಾರದ ಕಟ್ಟು ಬಂದಿತು. ಈ ನವೀಕರಣಕ್ಕೆ ಪರವಾನಗಿಯ ಶುಲ್ಕವಿಲ್ಲ.

ಕರ್ನಾಟಕದಲ್ಲಿಯೂ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರಿಗೆ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯ ನೆರವಿನಿಂದ ಉಬುಂಟುವಿನಲ್ಲಿ ತರಬೇತಿ ನಡೆದದ್ದುಂಟು. ನವೀಕರಣವೆಂಬುದು ಮನೆಗೆ ಸುಣ್ಣ ಬಳಿಯುವಂತೆ ಕಾಲಕಾಲಕ್ಕೆ ಮಾಡುವ ಕೆಲಸವೆಂದು ಬಗೆದರೆ ಭಯಕ್ಕೆ ಕಾರಣವಿಲ್ಲ.

ಕನ್ನಡ ಕಡತಗಳಿಗೆ ಒದಗಬಹುದಾದ ಅಪಾಯ

ಕನ್ನಡದಲ್ಲಿ ಬರೆಯುವವರಿಗೆ ಇಲ್ಲಿ ವಿಶೇಷವಾದ ಒಂದು ಅಪಾಯವುಂಟು. ಗಣಕಯಂತ್ರ ಅಕ್ಷರಗಳನ್ನು ಸಂಖ್ಯೆಗಳಾಗಿ ಇಡುತ್ತದೆ. ಯೂನಿಕೋಡಿನಲ್ಲಿ ಕನ್ನಡಕ್ಕೆಂದೇ 3200ರಿಂದ 3327ರವರೆಗೆ 128 ಸ್ಥಾನಗಳಿವೆ. ‘ಕ’ ಅಕ್ಷರದ ಸಂಖ್ಯೆ 3221. ಈ ಸಂಖ್ಯೆ ಯಾವ ಯಂತ್ರದಲ್ಲಿಯೂ ‘ಕ’ ಎಂದೇ ಅರ್ಥ ಕೊಡುತ್ತದೆ.

ಆದರೆ ಯೂನಿಕೋಡ್ ಬಳಕೆಗೆ ಬರುವ ಮೊದಲು, ಮತ್ತು ಬಂದ ಬಳಿಕವೂ ಎಷ್ಟೋ ವರ್ಷ, ನಮ್ಮ ಕಚೇರಿಗಳಲ್ಲಿಯೂ ಮುದ್ರಣಾಲಯಗಳಲ್ಲಿಯೂ ಬೇರೊಂದು ಉಪಾಯ ನಡೆಯುತ್ತಿತ್ತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಹಳೆಯ ಫಾಂಟುಗಳನ್ನೇ ನೋಡಿ. ‘ಕ’ ಎಂದು ಬೆರಳಚ್ಚು ಮಾಡಿದಾಗ ಕಡತದಲ್ಲಿ ಉಳಿಯುವುದು 80 ಮತ್ತು 192 ಎಂಬ ಎರಡು ಸಂಖ್ಯೆಗಳು. ಮೊದಲನೆಯದು ಇಂಗ್ಲಿಷಿನ ‘ಪಿ’ ಅಕ್ಷರ. ಎರಡನೆಯದು ನೆತ್ತಿಯ ಮೇಲೆ ಓರೆಗೆರೆಯುಳ್ಳ ‘ಎ’. ನುಡಿಯ ಫಾಂಟು ‘ಪಿ’ಗೆ ‘ಕ’ಕಾರದ ಒಡಲಿನ ವೇಷವನ್ನೂ, ‘ಎ’ಗೆ ತಲೆಕಟ್ಟಿನ ವೇಷವನ್ನೂ ತೊಡಿಸುತ್ತಿತ್ತು. ವೇಷವಿರುವ ತನಕ ಪರದೆಯ ಮೇಲೆ ಕನ್ನಡ. ವೇಷ ಕಳಚಿದರೆ ಅರ್ಥವಿಲ್ಲದ ಪರದೇಶದ ಅಕ್ಷರಗಳ ಸಂತೆ.

ಹಳೆಯ ವ್ಯವಸ್ಥೆಯನ್ನು ಅಳಿಸಿ ಹೊಸದನ್ನು ಹಾಕಿದಾಗ ಆ ಫಾಂಟುಗಳೂ ಅಳಿಯುತ್ತವೆ. ಆಗ ಶಾಲೆಯ ದಾಖಲೆ, ಸಹಕಾರ ಸಂಘದ ನಡಾವಳಿ, ಊರಿನ ಹಿರಿಯರ ಬಾಯಿಂದ ಕೇಳಿ ಬರೆದುಕೊಂಡ ಚರಿತ್ರೆ, ಇವೆಲ್ಲ ಇದ್ದೂ ಇಲ್ಲದಂತಾಗುತ್ತವೆ. ಆದ್ದರಿಂದ ನವೀಕರಣಕ್ಕೆ ಮೊದಲೇ ಮೂರು ಕೆಲಸಗಳನ್ನು ಮಾಡಬೇಕು: ಹಳೆಯ ಫಾಂಟಿನ ಕಡತಗಳನ್ನೂ ನಕಲು ಮಾಡಿಟ್ಟುಕೊಳ್ಳುವುದು, ಮುಖ್ಯ ಬರೆಹಗಳನ್ನು ಯೂನಿಕೋಡಿಗೆ ಪರಿವರ್ತಿಸುವುದು, ಪರಿವರ್ತನೆಯಾದುದನ್ನು ಮೂಲದೊಡನೆ ಹೋಲಿಸಿ ಓದುವುದು. ‘ನುಡಿ’ ಮತ್ತು ‘ಬರಹ’ ತಂತ್ರಾಂಶಗಳಲ್ಲೇ ಪರಿವರ್ತಕಗಳಿವೆ. ಒತ್ತಕ್ಷರ, ಅರ್ಕಾವತ್ತು ಮತ್ತು ಅಂಕಿಗಳ ಕಡೆ ಹೆಚ್ಚಿನ ಗಮನವಿರಲಿ.

ನವೀಕರಣದ ಕ್ರಮ

ಒಂದು: ನಕಲು. ಹೋಮ್ ಫೋಲ್ಡರನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ಪ್ರತಿಮಾಡಿ, ಬೇರೆ ಯಂತ್ರದಲ್ಲಿ ಕೆಲವು ಕಡತಗಳನ್ನು ತೆರೆದು ನೋಡಿ. ತೆರೆದು ನೋಡದ ನಕಲನ್ನು ನಕಲೆಂದು ನಂಬಲಾಗದು. ಸಾಧ್ಯವಾದರೆ ಎರಡು ಪ್ರತಿಗಳಿರಲಿ, ಒಂದು ಬೇರೆ ಮನೆಯಲ್ಲಿರಲಿ.

ಎರಡು: ಯಂತ್ರದ ಶಕ್ತಿಯನ್ನು ಅರಿಯುವುದು. ಸಂಸ್ಕಾರಕ 64 ಬಿಟ್ಟಿನದೇ ಎಂದು ನೋಡಿ. 32 ಬಿಟ್ ಯಂತ್ರಗಳಿಗೆ ಬಾಗಿಲುಗಳು ಮುಚ್ಚುತ್ತಿವೆ; 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ನ್ನು ಹಳೆಯ 32 ಬಿಟ್ ಇಂಟೆಲ್ ಯಂತ್ರಗಳಲ್ಲಿ ಹೊಸದಾಗಿ ಅಳವಡಿಸಲಾಗದು; ಅವುಗಳಿಗೆ 12ನೆಯದೇ ಕೊನೆ. 64 ಬಿಟ್ ಸಂಸ್ಕಾರಕವಿದ್ದೂ ಸ್ಮೃತಿ 4 ಗಿಗಾಬೈಟಿಗಿಂತ ಕಡಮೆಯಿದ್ದರೆ ಝುಬುಂಟು, ಲುಬುಂಟುಗಳಂಥ ಹಗುರ ವಿತರಣೆ ಮೇಲು. ಆದರೆ ಇವುಗಳ ದೀರ್ಘಾವಧಿ ಆವೃತ್ತಿಗೆ ದುರಸ್ತಿ ಮೂರೇ ವರ್ಷವೆಂಬುದನ್ನು ಮರೆಯಬಾರದು.

ಮೂರು: ಪರೀಕ್ಷೆ. ಹೊಸ ಆವೃತ್ತಿಯನ್ನು 8 ಗಿಗಾಬೈಟಿನ ಪೆನ್‌ಡ್ರೈವಿಗೆ ಬರೆದು, ಹಾರ್ಡ್ ಡಿಸ್ಕನ್ನು ಮುಟ್ಟದೆ ಅಲ್ಲಿಂದಲೇ ಯಂತ್ರವನ್ನು ನಡೆಸಿ ನೋಡಬಹುದು. ಪೆನ್‌ಡ್ರೈವಿನಲ್ಲಿ ಮೊದಲಿದ್ದುದು ಅಳಿಸಿಹೋಗುವುದರಿಂದ ಖಾಲಿಯಾದುದನ್ನೇ ಆರಿಸಬೇಕು. ವೈಫೈ, ಧ್ವನಿ, ಮುದ್ರಕ, ಕನ್ನಡ ಅಕ್ಷರಗಳು ಸರಿಯಿವೆಯೇ ಎಂಬುದು ಅರ್ಧಗಂಟೆಯಲ್ಲಿ ತಿಳಿಯುತ್ತದೆ. ಬಟ್ಟೆಯನ್ನು ಕೊಳ್ಳುವ ಮೊದಲು ಮೈಗೆ ಹಿಡಿದು ನೋಡಿದಂತೆ ಇದು.

ನಾಲ್ಕು: ದಾರಿಯ ಆಯ್ಕೆ. ಇರುವ ವ್ಯವಸ್ಥೆಯನ್ನೇ ಮೇಲಕ್ಕೆ ಏರಿಸುವುದು ಒಂದು ದಾರಿ. ಅಳಿಸಿ ಹೊಸದಾಗಿ ಅಳವಡಿಸುವುದು ಮತ್ತೊಂದು. ಏರಿಸುವಾಗ ಮೆಟ್ಟಿಲು ಹಾರುವಂತಿಲ್ಲ. ಉಬುಂಟು 20.04ರಿಂದ 22.04ಕ್ಕೆ, ಅಲ್ಲಿಂದ 24.04ಕ್ಕೆ, ಹೀಗೆ ಒಂದೊಂದಾಗಿ ಹತ್ತಬೇಕು. ಏಕೆಂದರೆ ಹಳೆಯ ಹೊಂದಾಣಿಕೆಗಳನ್ನು ಹೊಸ ರೂಪಕ್ಕೆ ತರುವ ಕ್ರಮವನ್ನು ಅದರ ನಿರ್ಮಾಪಕರು ಪಕ್ಕಪಕ್ಕದ ದೀರ್ಘಾವಧಿ ಆವೃತ್ತಿಗಳ ನಡುವೆಯೇ ಸಿದ್ಧಪಡಿಸಿರುತ್ತಾರೆ. ಒಂದು ಮೆಟ್ಟಿಲಾದರೆ ಏರಿಸುವುದು ಸರಿ. ಮೂರು ನಾಲ್ಕು ಮೆಟ್ಟಿಲುಗಳಾದರೆ ಹೊಸದಾಗಿ ಅಳವಡಿಸಿ, ನಕಲಿನಿಂದ ಕಡತಗಳನ್ನು ಮರಳಿ ತರುವುದೇ ಸುಲಭ.

ಐದು: ವೇಳೆ. ಗಿಗಾಬೈಟುಗಳ ಲೆಕ್ಕದಲ್ಲಿ ಮಾಹಿತಿ ಇಳಿಯಬೇಕಾದುದರಿಂದ ಒಳ್ಳೆಯ ಸಂಪರ್ಕ ಬೇಕು. ನಡುವೆ ವಿದ್ಯುತ್ ಹೋದರೆ ವ್ಯವಸ್ಥೆ ಹಳತೂ ಅಲ್ಲದ ಹೊಸತೂ ಅಲ್ಲದ ಸ್ಥಿತಿಯಲ್ಲಿ ನಿಲ್ಲುತ್ತದೆ. ನಮ್ಮ ಹಳ್ಳಿಗಳಲ್ಲಿ ಯುಪಿಎಸ್ ಇಲ್ಲದೆ, ಅಥವಾ ಲ್ಯಾಪ್‌ಟಾಪಿನ ಬ್ಯಾಟರಿ ತುಂಬದೆ, ಈ ಕೆಲಸಕ್ಕೆ ಕೈಹಾಕಬಾರದು. ಪರೀಕ್ಷೆಯ ಹಿಂದಿನ ದಿನವೂ ತಕ್ಕ ದಿನವಲ್ಲ.

ಆರು: ಮುಗಿದ ಮೇಲೆ. ‘ಸೆಟಿಂಗ್ಸ್’ನಲ್ಲಿ ಕನ್ನಡ ಭಾಷೆಯನ್ನು ಸೇರಿಸಿ ‘ಕಗಪ’ ಕೀಲಿಮಣೆ ವಿನ್ಯಾಸವನ್ನು ಆರಿಸಿಕೊಳ್ಳಿ. ಗುಬ್ಬಿ, ನವಿಲು, ಲೋಹಿತ್ ಎಂಬ ಉಚಿತ ಯೂನಿಕೋಡ್ ಫಾಂಟುಗಳು ಲಿನಕ್ಸಿನ ಭಂಡಾರಗಳಲ್ಲಿ ದೊರೆಯುತ್ತವೆ. ಬಳಿಕ ವಾರಕ್ಕೊಮ್ಮೆ ಬರುವ ಚಿಕ್ಕ ದುರಸ್ತಿಗಳನ್ನು ತಪ್ಪದೆ ಪಡೆದರೆ ಐದು ವರ್ಷ ನೆಮ್ಮದಿ.

ಈ ಆರರಲ್ಲಿ ಯಾವುದನ್ನು ಬಿಟ್ಟರೂ ಮೊದಲನೆಯದನ್ನು ಬಿಡಬಾರದು. ಲಿನಕ್ಸನ್ನು ಪ್ರಪಂಚದ ಯಾವ ಮೂಲೆಯಿಂದಲಾದರೂ ಮತ್ತೆ ಇಳಿಸಿಕೊಳ್ಳಬಹುದು. ಅದರ ಪ್ರತಿಗಳು ಅಸಂಖ್ಯಾತ. ನಿಮ್ಮ ತಾತ ಹೇಳಿದ ಕಥೆಯನ್ನು ನೀವು ಬೆರಳಚ್ಚು ಮಾಡಿಟ್ಟ ಕಡತ ಇರುವುದು ನಿಮ್ಮ ಯಂತ್ರದಲ್ಲಿ ಮಾತ್ರ. ಹೊಸ ಹೆಂಚನ್ನು ತರುವ ಮುನ್ನ ಹಗೇವಿನ ಮುಚ್ಚಳ ತೆಗೆದು, ರಾಗಿ ಚೆನ್ನಾಗಿದೆಯೇ ಎಂದು ನೋಡಿಕೊಳ್ಳುವುದೇ ನವೀಕರಣದ ಮೊದಲ ಹೆಜ್ಜೆ.