ಜಾಮೀನು ಸಿಕ್ಕಿತು, ಬಿಡುಗಡೆ ಯಾವಾಗ?

ನಿಮ್ಮ ಓಣಿಯ ಒಂದು ಮನೆಯಿಂದ ದುಡಿಯುವ ಗಂಡಸು ಜೈಲಿಗೆ ಹೋದರೆ ಆ ಮನೆಯಲ್ಲಿ ಏನೇನು ನಡೆಯುತ್ತದೆ ಎಂದು ಎಂದಾದರೂ ಯೋಚಿಸಿದ್ದೀರಾ? ಮೊದಲ ವಾರ ವಕೀಲರ ಫೀಸಿಗೆಂದು ಹೆಂಡತಿಯ ಕಿವಿಯೋಲೆ ಗಿರವಿಗೆ ಹೋಗುತ್ತದೆ. ಎರಡನೆಯ ವಾರ ಕಿರಾಣಿ ಅಂಗಡಿಯವರು ಉದ್ರಿ ನಿಲ್ಲಿಸುತ್ತಾರೆ. ತಿಂಗಳಾಗುವಷ್ಟರಲ್ಲಿ ದೊಡ್ಡ ಮಗ ಶಾಲೆ ಬಿಟ್ಟು ಗ್ಯಾರೇಜು ಸೇರಿರುತ್ತಾನೆ. ಶಾಲೆಯಲ್ಲಿ ಪಾಠ ಹೇಳುವ ನನ್ನಂಥವರಿಗೆ ಹಾಜರಿ ಪುಸ್ತಕದಲ್ಲಿ ಇದು ಮೊದಲು ಗೊತ್ತಾಗುತ್ತದೆ. ಆರೋಪ ನಿಜವೋ ಸುಳ್ಳೋ ಎಂದು ನ್ಯಾಯಾಲಯ ಹೇಳುವುದು ಎಷ್ಟೋ ಕಾಲದ ನಂತರ. ಆದರೆ ಆ ಮನೆಯ ಹೆಂಗಸರು ಮಕ್ಕಳಿಗೆ ಶಿಕ್ಷೆ ಆಗಲೇ ಶುರುವಾಗಿರುತ್ತದೆ.

2022ರ ಡಿಸೆಂಬರ್ 31ರಂದು ನಮ್ಮ ದೇಶದ ಜೈಲುಗಳಲ್ಲಿ 5,73,220 ಜನರಿದ್ದರು. ಅವರಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. ಅಂದರೆ ನಾಲ್ವರಲ್ಲಿ ಮೂವರು ಇನ್ನೂ ಅಪರಾಧಿ ಎಂದು ತೀರ್ಮಾನವಾಗದವರು. ಇದು ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಲೆಕ್ಕ.

ಉಚಿತ ವಕೀಲರು ಇದ್ದಾರೆ

"ಬಡವನಿಗೆ ಕೋರ್ಟು ಎಲ್ಲಿಯದು?" ಎಂಬ ಮಾತು ನಮ್ಮಲ್ಲಿ ಸಾಮಾನ್ಯ. ಆದರೆ ಬಡತನದ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪಬಾರದು ಎಂದು 1976ರಲ್ಲೇ ಸಂವಿಧಾನಕ್ಕೆ 39ಎ ವಿಧಿಯನ್ನು ಸೇರಿಸಲಾಯಿತು. ಅದಕ್ಕಾಗಿ 1987ರಲ್ಲಿ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಬಂದು, 1995ರ ನವೆಂಬರ್ 9ರಂದು ಜಾರಿಯಾಯಿತು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು ಮತ್ತು ಬಂಧನದಲ್ಲಿರುವ ಯಾವುದೇ ವ್ಯಕ್ತಿ, ಇವರೆಲ್ಲ ಆದಾಯದ ಲೆಕ್ಕವಿಲ್ಲದೆ ಉಚಿತ ವಕೀಲರನ್ನು ಪಡೆಯಬಹುದು. ಉಳಿದವರಿಗೆ ಆದಾಯದ ಮಿತಿ ಇದೆ. ಹಿರೇಕೆರೂರಿನವರು ಇದಕ್ಕಾಗಿ ದೂರ ಹೋಗಬೇಕಿಲ್ಲ. ತಾಲೂಕಿನ ನ್ಯಾಯಾಲಯದಲ್ಲೇ ತಾಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಬಹುದು. 15100 ಎಂಬ ಸಹಾಯವಾಣಿಗೆ ಫೋನ್ ಮಾಡಿಯೂ ಕೇಳಬಹುದು.

ಆದರೆ ವಕೀಲರು ಸಿಕ್ಕ ಮೇಲೆ ಎಲ್ಲವೂ ಸರಿಹೋಗುತ್ತದೆಯೇ? ಇಲ್ಲ. ನಾನು ಹೇಳಹೊರಟಿರುವುದು ಅದನ್ನೇ.

ಆದೇಶದಿಂದ ಜೈಲಿನ ಬಾಗಿಲ ತನಕ

'ಜಾಮೀನು' ಎಂಬುದು ಅರಬಿಯಿಂದ ಬಂದ ಪದ. ಮದ್ರಸದಲ್ಲಿ ಓದಿದವರಿಗೆ ಗೊತ್ತಿರುವಂತೆ, ಇನ್ನೊಬ್ಬರ ಹೊಣೆ ಹೊತ್ತವನೇ 'ಝಾಮಿನ್'. ಇಂದಿಗೂ ಕೋರ್ಟು ಕೇಳುವುದು ಅಂಥ ಒಬ್ಬ ಮನುಷ್ಯನನ್ನೇ. ಆದರೆ ಬರಿಯ ಮನುಷ್ಯ ಸಾಲದು, ಅವನ ಕೈಯಲ್ಲಿ ಹೊಲದ್ದೋ ಮನೆಯದ್ದೋ ಉತಾರ ಇರಬೇಕು. ಹಂಸಭಾವಿಯಲ್ಲೋ ಮಾಸೂರಿನಲ್ಲೋ ಚಿಕ್ಕೇರೂರಿನಲ್ಲೋ ಗೋವಿನಜೋಳದ ಹೊಲದಲ್ಲಿ ಕೂಲಿ ಮಾಡುವವನ, ಗುಜರಿ ಆಯುವವನ, ಗೌಂಡಿ ಕೆಲಸದವನ ಬಂಧುಬಳಗದಲ್ಲಿ ಉತಾರ ಇರುವವರು ಎಷ್ಟು ಮಂದಿ? ಇದ್ದವರಾದರೂ ದಿನದ ಕೂಲಿ ಬಿಟ್ಟು ಕೋರ್ಟಿಗೆ ಬರಬೇಕು. ಹೀಗಾಗಿ ಜಾಮೀನಿನ ಆದೇಶ ಕೈಗೆ ಬಂದರೂ ಮನುಷ್ಯ ಹಾವೇರಿಯ ಕಾರಾಗೃಹದಲ್ಲೇ ಉಳಿಯುವುದುಂಟು.

ಇದು ಹೊಸ ಸಂಕಟವಲ್ಲ. 1978ರಲ್ಲಿ ಮೋತಿರಾಮ್ ಎಂಬ ಬಡ ಗೌಂಡಿಯೊಬ್ಬರ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂದಿತ್ತು. ಜಾಮೀನು ಸಿಕ್ಕಿದ್ದರೂ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಜಾಮೀನುದಾರರನ್ನು ಕೇಳಿದ್ದರು. ಅಣ್ಣತಮ್ಮಂದಿರಲ್ಲಿ ಒಬ್ಬರು ಮುಂದೆ ಬಂದರೆ, ಅವರೂ ಅವರ ಆಸ್ತಿಯೂ ಬೇರೆ ಜಿಲ್ಲೆಯಲ್ಲಿವೆ ಎಂದು ಒಪ್ಪಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇದನ್ನು ಕಟುವಾಗಿ ಟೀಕಿಸಿ, 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಲು ಹೇಳಿದರು.

ಅದಾಗಿ ನಾಲ್ಕು ದಶಕಗಳು ಕಳೆದ ಮೇಲೆ, 2023ರ ಜನವರಿ 31ರಂದು ಸುಪ್ರೀಂ ಕೋರ್ಟು ಮತ್ತೆ ನಿರ್ದೇಶನ ನೀಡಬೇಕಾಯಿತು. ಆದೇಶವಾಗಿ ಏಳು ದಿನದೊಳಗೆ ಕೈದಿ ಹೊರಬರದಿದ್ದರೆ ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಆತನ ಮನೆಯ ಆರ್ಥಿಕ, ಸಾಮಾಜಿಕ ಸ್ಥಿತಿಯ ವರದಿ ತಯಾರಿಸಿ, ಷರತ್ತು ಸಡಿಲಿಸುವಂತೆ ನ್ಯಾಯಾಲಯವನ್ನು ಕೇಳಬಹುದು. ಅದೇ 2023ರಲ್ಲಿ ಕೇಂದ್ರ ಗೃಹ ಸಚಿವಾಲಯ ಬಡ ಕೈದಿಗಳಿಗಾಗಿ ಒಂದು ಯೋಜನೆ ತಂದಿತು. ಜಾಮೀನಿನ ಹಣ ಕಟ್ಟಲಾಗದ ವಿಚಾರಣಾಧೀನ ಕೈದಿಗೆ 40,000 ರೂಪಾಯಿ ತನಕ, ದಂಡ ಕಟ್ಟಲಾಗದೆ ಉಳಿದವರಿಗೆ 25,000 ರೂಪಾಯಿ ತನಕ ನೆರವಿನ ಅವಕಾಶ ಅದರಲ್ಲಿತ್ತು. 2024ರ ಜುಲೈ 1ರಂದು ಜಾರಿಯಾದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನ ಪ್ರಕಾರ, ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಜೈಲಿನಲ್ಲೇ ಕಳೆದಿದ್ದರೆ ಬಿಡುಗಡೆಗೆ ಅರ್ಹ. ಮರಣದಂಡನೆ, ಜೀವಾವಧಿಯ ಪ್ರಕರಣಗಳಿಗೂ, ಒಂದಕ್ಕಿಂತ ಹೆಚ್ಚು ಪ್ರಕರಣ ಇರುವವರಿಗೂ ಇದು ಅನ್ವಯಿಸದು.

ಕಾಗದದ ಮೇಲೆ ದಾರಿಗಳಿವೆ. ಆದರೆ ಆ ಮನೆಗೆ ಹೋಗಿ ವರದಿ ಬರೆಯುವವರು ಯಾರು? ಓದು ಬರಹ ಬಾರದ ತಾಯಿಗೆ ಅರ್ಜಿ ತುಂಬಿಸಿಕೊಡುವವರು ಯಾರು? ದಿನಗಳನ್ನು ಎಣಿಸಿ ವಕೀಲರಿಗೆ ನೆನಪಿಸುವವರು ಯಾರು? ಒಂದೇ ದಿನ ಹತ್ತಾರು ಪ್ರಕರಣಗಳಿರುವ ವಕೀಲರು ಹಳ್ಳಿ ಹಳ್ಳಿ ತಿರುಗಲಾರರು. ಅದು ಸಮಾಜ ಕಾರ್ಯಕರ್ತರ ಕೆಲಸ.

ಮಕ್ಕಳಿಗೆ ಇದೆ, ದೊಡ್ಡವರಿಗೆ ಇಲ್ಲ

ಈ ಕೆಲಸದ ಬೆಲೆ ನಮ್ಮ ಕಾನೂನಿಗೆ ಗೊತ್ತಿಲ್ಲವೆಂದಲ್ಲ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಬಾಲನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜ ಕಾರ್ಯಕರ್ತರು ಕೂರುತ್ತಾರೆ. ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಹುಡುಗನ ಮನೆ, ಶಾಲೆ, ಸಹವಾಸ ಎಲ್ಲವನ್ನೂ ವಿಚಾರಿಸಿದ ವರದಿ ಆ ಮಂಡಳಿಯ ಮುಂದೆ ಬರುತ್ತದೆ. ಅದೇ ಹುಡುಗ ಹದಿನೆಂಟು ತುಂಬಿದ ಮರುದಿನ ಮಾಡಿದ ತಪ್ಪಿನ ಆರೋಪದಲ್ಲಿ ಸಿಕ್ಕಿಬಿದ್ದರೆ? ಅವನಿಗೆ ವಕೀಲರು ಮಾತ್ರ. ಮರಣದಂಡನೆಯ ಪ್ರಕರಣಗಳಲ್ಲಿ ಆರೋಪಿಯ ಬದುಕಿನ ಹಿನ್ನೆಲೆ ತಿಳಿಯಲೇಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಮೊಬೈಲ್ ಕದ್ದ ಆರೋಪದವನ ಬದುಕನ್ನು ತಿಳಿಯುವ ವ್ಯವಸ್ಥೆ ಮಾತ್ರ ದುರ್ಬಲವಾಗಿಯೇ ಉಳಿದಿದೆ.

ಮಾಡಿ ತೋರಿಸಿದವರೂ ಇದ್ದಾರೆ. ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ 1990ರಲ್ಲಿ ಆರಂಭಿಸಿದ 'ಪ್ರಯಾಸ್' ಯೋಜನೆಯ ಸಮಾಜ ಕಾರ್ಯಕರ್ತರು ಠಾಣೆ, ಕೋರ್ಟು, ಜೈಲುಗಳಲ್ಲಿ ದುಡಿದಿದ್ದಾರೆ. ಪುಣೆಯ ಯರವಡಾ ಮತ್ತು ನಾಗಪುರದ ಕೇಂದ್ರ ಕಾರಾಗೃಹಗಳಲ್ಲಿ ವಕೀಲರು ಮತ್ತು ಸಮಾಜ ಕಾರ್ಯಕರ್ತರು ಜೋಡಿಯಾಗಿ ವಿಚಾರಣಾಧೀನ ಕೈದಿಗಳ ನೆರವಿಗೆ ನಿಂತಿದ್ದಾರೆ. ದೂರದ ನ್ಯೂಯಾರ್ಕಿನಲ್ಲಿ 1997ರಲ್ಲಿ ಶುರುವಾದ ಬ್ರಾಂಕ್ಸ್ ಡಿಫೆಂಡರ್ಸ್ ಎಂಬ ಕಚೇರಿಯಲ್ಲೂ ಇದೇ ಪದ್ಧತಿ. ಅದರ ಬಗ್ಗೆ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜೈಲು ಶಿಕ್ಷೆಯಾಗುವ ಸಂಭವ ಶೇ. 16ರಷ್ಟು, ಶಿಕ್ಷೆಯ ಅವಧಿ ಶೇ. 24ರಷ್ಟು ಕಡಿಮೆಯಾದದ್ದು ಕಂಡಿತು. ಅದರಿಂದ ಜನರ ಸುರಕ್ಷತೆಗೆ ಧಕ್ಕೆಯಾಗಿಲ್ಲ ಎಂದೂ ಅದು ತೋರಿಸಿತು.

ಅನುದಾನದಲ್ಲಿ ಜಾಗ ಬೇಕು

ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2022ರಲ್ಲಿ ಜಿಲ್ಲಾ ಕೇಂದ್ರಗಳಿಗಾಗಿ ಕಾನೂನು ನೆರವು ಅಭಿರಕ್ಷಕರ ಯೋಜನೆಯನ್ನು ರೂಪಿಸಿತು. ಸರಕಾರದ ಪರ ವಾದಿಸಲು ಸರಕಾರಿ ವಕೀಲರ ಕಚೇರಿ ಇರುವಂತೆ, ಬಡ ಆರೋಪಿಯ ಪರ ವಾದಿಸಲು ಪೂರ್ಣಕಾಲದ ಒಂದು ಕಚೇರಿ. ಕೇಂದ್ರ ಸರಕಾರ ಇದಕ್ಕೆ 2023-24ರಿಂದ 2025-26ರ ತನಕ ಮೂರು ವರ್ಷಕ್ಕೆ 998.43 ಕೋಟಿ ರೂಪಾಯಿ ಗೊತ್ತುಮಾಡಿತು. ನಿಜಕ್ಕೂ ಒಳ್ಳೆಯ ಹೆಜ್ಜೆ.

ಆದರೆ ಯೋಜನೆಯ ಹುದ್ದೆಗಳನ್ನು ನೋಡಿ. ಮುಖ್ಯ, ಉಪ ಮತ್ತು ಸಹಾಯಕ ಅಭಿರಕ್ಷಕರು, ಗುಮಾಸ್ತರು, ಸ್ವಾಗತಕಾರರು, ಜವಾನರು. ಸಮಾಜ ಕಾರ್ಯಕರ್ತರ ಹುದ್ದೆ ಇಲ್ಲ. ಅರೆ ಕಾನೂನು ಸ್ವಯಂಸೇವಕರು ಇದ್ದಾರಲ್ಲ ಎನ್ನಬಹುದು. 2009ರಿಂದ ಅವರ ಯೋಜನೆ ಇದೆ, ಅನೇಕರು ಮನಸ್ಸಿಟ್ಟು ದುಡಿಯುತ್ತಾರೆ. ಆದರೆ ಅವರು ಸ್ವಯಂಸೇವಕರು. ಕರೆದ ದಿನಕ್ಕೆ ಗೌರವಧನ ಪಡೆಯುವವರಿಂದ ತಿಂಗಳುಗಟ್ಟಲೆ ಒಂದು ಕುಟುಂಬದ ಬೆನ್ನ ಹಿಂದೆ ನಿಲ್ಲಬೇಕೆಂದು ಕೇಳುವುದು ನ್ಯಾಯವೇ?

ಅಲ್ಲದೆ ಇಂಥ ಅನುದಾನಗಳಿಗೆಲ್ಲ ಕೊನೆಯ ತಾರೀಖು ಇರುತ್ತದೆ. ಅಭಿರಕ್ಷಕರ ನೇಮಕವೂ ಮೊದಲು ಎರಡು ವರ್ಷದ ಗುತ್ತಿಗೆ, ನಂತರ ವರ್ಷ ವರ್ಷದ ವಿಸ್ತರಣೆ. ಪ್ರಕರಣಗಳು ಮಾತ್ರ ಅನುದಾನದ ತಾರೀಖು ನೋಡಿ ಮುಗಿಯುವುದಿಲ್ಲ. ಸಂಬಳ ನಿಂತರೆ ಕೆಲಸದವರು ಹೋಗುತ್ತಾರೆ, ಅವರ ಜೊತೆ ಆ ಮನೆಯವರು ನಂಬಿ ಹೇಳಿಕೊಂಡ ಮಾತೂ ಹೋಗುತ್ತದೆ. ಆದ್ದರಿಂದ ಇಂಥ ಅನುದಾನ ಮುಂದುವರಿಸುವ ಮಾತು ಬಂದಾಗಲೆಲ್ಲ ನಾವು ಕೇಳಬೇಕಾದ್ದು ಎರಡು. ಅವಧಿ ಮುಗಿಯುವ ಮೊದಲೇ ವಿಸ್ತರಿಸಿ. ವಿಸ್ತರಿಸುವಾಗ ಪ್ರತಿ ಕಚೇರಿಗೂ ಒಬ್ಬ ಸಮಾಜ ಕಾರ್ಯಕರ್ತರ ಸಂಬಳವನ್ನು ಅದರಲ್ಲಿ ಸೇರಿಸಿ.

"ಕಳ್ಳರಿಗೆ ಇಷ್ಟೆಲ್ಲ ಖರ್ಚು ಯಾಕೆ?" ಎಂದು ಕೇಳುವವರಿದ್ದಾರೆ. ಅಪರಾಧಕ್ಕೆ ಬಲಿಯಾದವರ ನೋವು ದೊಡ್ಡದು, ಅವರಿಗೂ ನ್ಯಾಯ ಸಿಗಲೇಬೇಕು. ಆದರೆ ಜಾಮೀನು ಪಡೆದವನನ್ನು ಉತಾರ ಇಲ್ಲವೆಂದು ಕೂಡಿಹಾಕಿದರೆ ಅವರಿಗೆ ಯಾವ ನ್ಯಾಯವೂ ಸಿಗುವುದಿಲ್ಲ. ಜೈಲಿನ ಊಟ, ಕಾವಲು, ಕೋರ್ಟಿಗೆ ಕರೆತರುವ ವಾಹನದ ಖರ್ಚು ನಮ್ಮ ತೆರಿಗೆಯಿಂದಲೇ ಹೋಗುತ್ತದೆ.

ನಾವೇನು ಮಾಡಬಹುದು?

ಸಮಾಜ ಕಾರ್ಯದಲ್ಲಿ ಎಂಎಸ್‌ಡಬ್ಲ್ಯೂ ಮಾಡಿದ ಮಕ್ಕಳು ನಮ್ಮ ಊರುಗಳಲ್ಲೂ ಇದ್ದಾರೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಓದಿ ಕೆಲಸಕ್ಕಾಗಿ ಬೆಂಗಳೂರಿಗೆ ಹೋದವರನ್ನು ಕೇಳಿ ನೋಡಿ. ನಿಮ್ಮ ಮಗಳಿಗೆ ಈ ಓದಿನ ಆಸಕ್ತಿ ಇದ್ದರೆ ತಡೆಯಬೇಡಿ. ಕೈದಿಯ ಹೆಂಡತಿ ಮನಬಿಚ್ಚಿ ಮಾತಾಡುವುದು ಇನ್ನೊಬ್ಬ ಹೆಣ್ಣುಮಗಳ ಜೊತೆ. ಅಂಜುಮನ್‌ಗಳು, ಮಹಿಳಾ ಸಂಘಗಳು ಜಾತಿ ಧರ್ಮ ನೋಡದೆ ಜೊತೆಗೂಡಿ ಶಾಸಕರಿಗೆ, ಸಂಸದರಿಗೆ ಈ ಬೇಡಿಕೆಯನ್ನು ಬರೆಯಲಿ. ಅಲ್ಲಿಯತನಕ, ಯಾರದಾದರೂ ಮನೆಗೆ ಈ ಕಷ್ಟ ಬಂದರೆ ಗುಸುಗುಸು ಮಾತಾಡುವ ಬದಲು ಅವರ ಜೊತೆ ಕಾನೂನು ಸೇವಾ ಸಮಿತಿಗೆ ಹೋಗಿ. ಜಾಮೀನಾಗಿ ಏಳು ದಿನ ಕಳೆದಿದೆಯೇ ಎಂದು ವಿಚಾರಿಸಿ. ಶಾಲೆ ಬಿಡಲು ಹೊರಟ ಆ ಹುಡುಗನ ಕೈ ಹಿಡಿದು ಮರಳಿ ತರಗತಿಗೆ ಕರೆತನ್ನಿ.